ಗುಲಗಂಜಿಯಷ್ಟು ವ್ಯತ್ಯಾಸ: ಬೇಟೆಯ ತೋಟಾ ಕರಾರುವಾಕ್ಕಾದ ಕಥೆ



ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಗುಲಗಂಜಿಯನ್ನು ಬಳಸುತ್ತಿದ್ದರೆಂಬುದನ್ನು ನಿಮ್ಮ ಮನೆಯ ಹಿರಿಯರಿಂದ ಕೇಳಿರಬಹುದು. ಕೆಂಪು ಮೈ, ಕಪ್ಪು ಮೂತಿಯ ಆ ಪುಟ್ಟ ಬೀಜಗಳು 96 ಸೇರಿದರೆ ಒಂದು ತೊಲ. ಇಂಗ್ಲಿಷರು ಈ ತೊಲವನ್ನು ತಮ್ಮ ಲೆಕ್ಕದಲ್ಲಿ 180 ಗ್ರೇನ್ ಎಂದು ಗೊತ್ತುಮಾಡಿದರು. ಗ್ರೇನ್ ಎಂದರೆ ಕಾಳು; ಬಾರ್ಲಿ ಕಾಳಿನ ತೂಕದಿಂದ ಹುಟ್ಟಿದ ಅಳತೆ ಅದು. 7000 ಗ್ರೇನ್ ಸೇರಿದರೆ ಒಂದು ಪೌಂಡು. ಎಂದರೆ ನಮ್ಮ ಒಂದು ಗುಲಗಂಜಿ ಅವರ ಸುಮಾರು ಎರಡು ಕಾಳಿಗೆ ಸಮ.

ಚಿನ್ನದ ವ್ಯಾಪಾರದಲ್ಲಿ ಇಂಥ ಸೂಕ್ಷ್ಮ ತೂಕ ಸಹಜವೇ. ಆದರೆ ಈ ಕಾಳಿನ ಅಳತೆಯನ್ನು ಇಂದಿಗೂ ಬಿಡದೆ ಹಿಡಿದುಕೊಂಡಿರುವ ಇನ್ನೊಂದು ಕಸುಬಿದೆ. ಬೇಟೆಗೆ ಕಾನೂನಿನ ಅನುಮತಿ ಇರುವ ಅಮೆರಿಕದಂಥ ದೇಶಗಳಲ್ಲಿ, ರೈಫಲ್ಲಿನ ತೋಟಾವನ್ನು ಅಂಗಡಿಯಿಂದ ಕೊಳ್ಳದೆ ಮನೆಯಲ್ಲಿ ಕುಳಿತು ಕೈಯಾರೆ ತುಂಬಿಕೊಳ್ಳುವವರಿದ್ದಾರೆ. ಅವರ ತಕ್ಕಡಿ ಒಂದು ಗ್ರೇನ್‌ನ ಹತ್ತನೆಯ ಒಂದು ಭಾಗವನ್ನೂ ತೋರಿಸುತ್ತದೆ. ಗುಲಗಂಜಿಯ ಇಪ್ಪತ್ತನೆಯ ಒಂದು ಪಾಲು ಎನ್ನಿ!

ಇಷ್ಟು ಹಠವೇಕೆ? ಬಂದೂಕು ಒಂದೇ, ಹಿಡಿದ ಕೈ ಒಂದೇ, ಇಟ್ಟ ಗುರಿ ಒಂದೇ. ಆದರೂ ಎರಡು ಗುಂಡುಗಳು ಒಂದೇ ಜಾಗಕ್ಕೆ ಬೀಳುವುದಿಲ್ಲ, ಏಕೆ? ಈ ಸರಳ ಪ್ರಶ್ನೆಗೆ ಉತ್ತರ ಹುಡುಕಲು ಮನುಷ್ಯನಿಗೆ ಎರಡು ಶತಮಾನಗಳು ಬೇಕಾದವು. ಆ ಹುಡುಕಾಟದಲ್ಲಿ ಒಬ್ಬ ಗಣಿತಜ್ಞ, ಒಬ್ಬ ಪಾದ್ರಿ, ಒಬ್ಬ ವೈದ್ಯ, ಅನೇಕ ಬೇಟೆಗಾರರು ಪಾಲುಗೊಂಡರು. ನಮ್ಮ ದೇಶದ ಮಳೆಗಾಲವೂ ಅದರಲ್ಲಿ ಒಂದು ಪಾತ್ರ ವಹಿಸಿತು. ಬನ್ನಿ, ಆ ಕಥೆಯನ್ನು ನೋಡೋಣ.

ಮದ್ದು, ಗುಂಡು, ಗಜ

ಮೊದಮೊದಲು ಕೋವಿ ಹಿಡಿದ ಪ್ರತಿಯೊಬ್ಬನೂ ಕೈಯಾರೆ ತುಂಬುವವನೇ ಆಗಿದ್ದ. ನಮ್ಮ ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೇಪಿನ ಕೋವಿ ಕಂಡವರಿಗೆ ಈ ಕ್ರಮ ಗೊತ್ತು. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು. ಅದರ ಮೇಲೆ ನಾರನ್ನೋ ಬಟ್ಟೆಯ ಚೂರನ್ನೋ ಇಡಬೇಕು. ಬಳಿಕ ಗುಂಡು ಅಥವಾ ಚರೆ ಹಾಕಿ ಗಜದಿಂದ ಜಡಿಯಬೇಕು. ಮದ್ದಿನ ಅಳತೆ ಬೊಗಸೆಯ ಅಂದಾಜು, ಜಡಿಯುವ ಬಿಗಿ ಕೈಯ ಅಂದಾಜು. ಒಂದು ಈಡು ಇನ್ನೊಂದರಂತೆ ಇರುತ್ತಿರಲಿಲ್ಲ. ಗುಂಡೂ ನಳಿಗೆಗಿಂತ ಸ್ವಲ್ಪ ಚಿಕ್ಕದು. ಹಾಗಾಗಿ ಹೊರಡುವಾಗ ನಳಿಗೆಯ ಗೋಡೆಗೆ ತಗುಲುತ್ತಾ, ಯಾವ ಕಡೆಗೋ ಉರುಳುತ್ತಾ ಹೋಗುತ್ತಿತ್ತು.

ಬೆಂಕಿ ಕೊಡುವ ಬಗೆಯಲ್ಲೂ ತೊಡಕಿತ್ತು. 18ನೇ ಶತಮಾನದ ಬಂದೂಕುಗಳಲ್ಲಿ ಚಕಮಕಿ ಕಲ್ಲು ಉಕ್ಕಿಗೆ ತಾಗಿ ಕಿಡಿ ಹಾರುತ್ತಿತ್ತು. ಆ ಕಿಡಿ ಹೊರಗಿನ ಬಟ್ಟಲಿನಲ್ಲಿದ್ದ ಚಿಟಿಕೆ ಮದ್ದನ್ನು ಹೊತ್ತಿಸುತ್ತಿತ್ತು. ಅಲ್ಲಿಂದ ಒಳಗಿನ ಮದ್ದಿಗೆ ಬೆಂಕಿ ತಲುಪುವುದರೊಳಗೆ ಒಂದು ಕ್ಷಣ ಕಳೆದಿರುತ್ತಿತ್ತು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಹಕ್ಕಿ ಬೇಟೆಯ ಹವ್ಯಾಸಿ. ಬಟ್ಟಲಿನ ಮಿಂಚು ಕಂಡೊಡನೆ ನೀರಹಕ್ಕಿಗಳು ಎಚ್ಚೆತ್ತು ಪಾರಾಗುವುದನ್ನು ಅವರು ಗಮನಿಸಿದರು. ಪೆಟ್ಟು ಬಿದ್ದೊಡನೆ ತಾನಾಗಿ ಸಿಡಿಯುವ ರಾಸಾಯನಿಕವನ್ನು ಬಳಸಿ ಹೊಸ ಏರ್ಪಾಡು ಮಾಡಿ, 1807ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ನಮ್ಮ ಊರುಗಳ 'ಕೇಪು' ಆ ಚಿಂತನೆಯ ಸಂತಾನವೇ. ಹಕ್ಕಿಗಳ ಚುರುಕು ಕಣ್ಣು ಮನುಷ್ಯನಿಗೆ ರಸಾಯನಶಾಸ್ತ್ರ ಕಲಿಸಿತು ಎಂದರೆ ತಪ್ಪಾಗಲಾರದು.

ತೂಗಾಡುವ ಮರದ ತುಂಡು

ಇದಕ್ಕೂ ಮೊದಲೇ ಒಬ್ಬರು ಇನ್ನೂ ಆಳವಾದ ಪ್ರಶ್ನೆ ಕೇಳಿದ್ದರು: ಗುಂಡಿನ ವೇಗ ಎಷ್ಟು? ಕಣ್ಣಿಗೆ ಕಾಣದ ವಸ್ತುವಿನ ವೇಗವನ್ನು ಅಳೆಯುವುದಾದರೂ ಹೇಗೆ?

ಅವರ ಹೆಸರು ಬೆಂಜಮಿನ್ ರಾಬಿನ್ಸ್. ಇಂಗ್ಲೆಂಡಿನ ಬಾತ್ ನಗರದಲ್ಲಿ 1707ರಲ್ಲಿ ಹುಟ್ಟಿದವರು. ಯುದ್ಧವನ್ನೇ ಒಪ್ಪದ ಕ್ವೇಕರ್ ಪಂಥದ ತಂದೆತಾಯಿಯ ಮಗ ಬಂದೂಕಿನ ಗಣಿತಕ್ಕೆ ತಳಹದಿ ಹಾಕಿದ್ದು ಇತಿಹಾಸದ ಒಂದು ವಿಚಿತ್ರ. 1742ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಒಂದು ಸರಳ ಉಪಕರಣವನ್ನು ವಿವರಿಸಿದರು. ಭಾರವಾದ ಮರದ ತುಂಡೊಂದನ್ನು ಉಯ್ಯಾಲೆಯಂತೆ ತೂಗುಹಾಕಿ ಅದಕ್ಕೆ ಗುಂಡು ಹೊಡೆಯುವುದು. ಗುಂಡು ಮರದಲ್ಲಿ ನಾಟಿಕೊಂಡಾಗ ಮರ ಹಿಂದಕ್ಕೆ ತೂಗುತ್ತದೆ. ಎಷ್ಟು ತೂಗಿತೆಂದು ಅಳೆದರೆ ಗುಂಡಿನ ವೇಗ ಲೆಕ್ಕಕ್ಕೆ ಸಿಗುತ್ತದೆ.

ನಿಮ್ಮ ಭೌತಶಾಸ್ತ್ರದ ಸಂವೇಗ ಸಂರಕ್ಷಣೆಯ ನಿಯಮವನ್ನು ಇಲ್ಲಿ ಹಚ್ಚಿ ನೋಡಿ. 30 ಗ್ರಾಂ ತೂಕದ ಗುಂಡು ಸೆಕೆಂಡಿಗೆ 450 ಮೀಟರ್ ವೇಗದಲ್ಲಿ ಬಂದು 30 ಕಿಲೋ ಮರಕ್ಕೆ ನಾಟಿತೆನ್ನಿ. ಮರ ಗುಂಡಿಗಿಂತ 1000 ಪಟ್ಟು ಭಾರ. ಆದ್ದರಿಂದ ಎರಡೂ ಸೇರಿ ಸೆಕೆಂಡಿಗೆ ಸುಮಾರು 45 ಸೆಂಟಿಮೀಟರ್ ವೇಗದಲ್ಲಿ ಹೊರಡುತ್ತವೆ. ಆ ವೇಗದ ಮರ ಮೇಲೇರುವುದು ಸುಮಾರು ಒಂದು ಸೆಂಟಿಮೀಟರ್ ಎತ್ತರಕ್ಕೆ ಮಾತ್ರ. ಕಣ್ಣಿಗೆ ನಿಲುಕದ ಗುಂಡನ್ನು ರಾಬಿನ್ಸ್ ಹೀಗೆ ಅಳತೆಪಟ್ಟಿಗೆ ನಿಲುಕುವಂತೆ ಮಾಡಿದರು. ಗಾಳಿಯ ತಡೆ ಆ ಕಾಲದ ಪಂಡಿತರು ತಿಳಿದಿದ್ದಕ್ಕಿಂತ ಎಷ್ಟೋ ಹೆಚ್ಚೆಂಬುದೂ ಇದರಿಂದ ಹೊರಬಿತ್ತು. ಮಹಾಗಣಿತಜ್ಞ ಆಯ್ಲರ್ ಈ ಗ್ರಂಥವನ್ನು 1745ರಲ್ಲಿ ಜರ್ಮನ್ ಭಾಷೆಗೆ ಅನುವಾದಿಸಿ ವ್ಯಾಖ್ಯಾನ ಬರೆದರೆಂದರೆ ಅದರ ಮಹತ್ವವನ್ನು ನೀವೇ ಊಹಿಸಿಕೊಳ್ಳಿ.

ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳನ್ನು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತಾ ಹೋಗುತ್ತದೆ, ದಾರಿ ತಪ್ಪುವುದಿಲ್ಲ. ಇಂಥ ನಳಿಗೆಯ ಬಂದೂಕೇ ರೈಫಲ್. ಅದನ್ನು ಚೆನ್ನಾಗಿ ಅರಿತು ರೂಢಿಸಿಕೊಳ್ಳುವ ದೇಶ ಉಳಿದವರ ಮೇಲೆ ಮೇಲುಗೈ ಸಾಧಿಸುವುದೆಂದು ರಾಬಿನ್ಸ್ ಅಂದೇ ಬರೆದಿಟ್ಟರು. ಬಳಿಕ ಈಸ್ಟ್ ಇಂಡಿಯಾ ಕಂಪನಿ ಕೋಟೆಗಳನ್ನು ಭದ್ರಪಡಿಸಲು ಅವರನ್ನು ಭಾರತಕ್ಕೆ ಕಳಿಸಿತು. 1751ರ ಜುಲೈನಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡರು. ಗುಂಡಿನ ಶಾಸ್ತ್ರದ ಆದ್ಯಪ್ರವರ್ತಕ ಮಣ್ಣಾದದ್ದು ನಮ್ಮ ದಕ್ಷಿಣದ ಕಡಲತೀರದಲ್ಲಿ!

ಕಾಗದದಿಂದ ಹಿತ್ತಾಳೆಗೆ

ಅಳತೆಯ ಅಂದಾಜನ್ನು ತಪ್ಪಿಸಲು ಸೈನ್ಯಗಳು ಒಂದು ಉಪಾಯ ಕಂಡುಕೊಂಡವು. ಒಂದು ಈಡಿಗೆ ಬೇಕಾದಷ್ಟು ಮದ್ದನ್ನೂ ಗುಂಡನ್ನೂ ಮೊದಲೇ ಕಾಗದದಲ್ಲಿ ಸುತ್ತಿಟ್ಟರೆ ಆಯಿತು. ಇದೇ ತೋಟಾ ಅಥವಾ ಕಾಡತೂಸು. ಸಿಪಾಯಿ ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದು ಸುರಿಯಬೇಕಿತ್ತು. ಮುಂದಿನದು ನಿಮಗೆ ತಿಳಿದ ಕಥೆ. ಎನ್‌ಫೀಲ್ಡ್ ರೈಫಲ್ಲಿನ ತೋಟಾಕ್ಕೆ ಹಸು ಮತ್ತು ಹಂದಿಯ ಕೊಬ್ಬು ಸವರಿದ್ದಾರೆಂಬ ಮಾತು 1857ರ ಆರಂಭದಲ್ಲಿ ಹಬ್ಬಿತು. ಏಪ್ರಿಲ್ 24ರಂದು ಮೀರತ್ತಿನಲ್ಲಿ 85 ಸವಾರರು ತೋಟಾ ಮುಟ್ಟಲು ಒಪ್ಪಲಿಲ್ಲ. ಮೇ 10ರಂದು ದಂಗೆ ಭುಗಿಲೆದ್ದಿತು. ಅದೇ ವರ್ಷ ನವೆಂಬರಿನಲ್ಲಿ, ಆಯುಧಗಳನ್ನು ಒಪ್ಪಿಸಬೇಕೆಂಬ ಸರ್ಕಾರದ ಆಜ್ಞೆಯನ್ನು ಧಿಕ್ಕರಿಸಿ ನಮ್ಮ ಹಲಗಲಿಯ ಬೇಡರು ಸಿಡಿದೆದ್ದರು. ತೋಟಾವನ್ನು ತುಂಬುವ ಕೈಗೂ ನಂಬಿಕೆಗಳಿವೆ, ಮಾನವಿದೆ ಎಂಬುದನ್ನು ಆಳುವವರು ಮರೆತಿದ್ದರು.

ಆ ಬಳಿಕದ ದಶಕದಲ್ಲಿ ಕಾಗದದ ತೋಟಾ ಬೇಗನೆ ಹಿಂದೆ ಸರಿಯಿತು. ಅದರ ಜಾಗಕ್ಕೆ ಬಂದದ್ದು ಲೋಹದ ಕೊಳವೆ. ಇದರ ಚಮತ್ಕಾರ ಹಿತ್ತಾಳೆಯ ಸ್ಥಿತಿಸ್ಥಾಪಕ ಗುಣದಲ್ಲಿದೆ. ಮದ್ದು ಉರಿದಾಗ ಕೊಳವೆ ಹಿಗ್ಗಿ ನಳಿಗೆಯ ಹಿಂಭಾಗವನ್ನು ಬಿರಡೆಯಂತೆ ಮುಚ್ಚುತ್ತದೆ. ಅನಿಲ ಹಿಂದಕ್ಕೆ ನುಗ್ಗುವುದಿಲ್ಲ. ಒತ್ತಡ ಇಳಿದೊಡನೆ ಕೊಳವೆ ತುಸು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಹಾಗೆ ಹೊರಬಂದ ಕೊಳವೆಯನ್ನು ಎಸೆಯಬೇಕಿಲ್ಲ, ಮತ್ತೆ ತುಂಬಬಹುದು.

ಇಲ್ಲಿ ಒಂದು ಸ್ವಾರಸ್ಯವಿದೆ. 1860ರ ದಶಕದಲ್ಲಿ ಇಬ್ಬರು ಸೇನಾಧಿಕಾರಿಗಳು ಎರಡು ಬಗೆಯ ಕೇಪುಗಳನ್ನು ರೂಪಿಸಿದರು. ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಅವರ ಬಗೆಯಲ್ಲಿ ಕೊಳವೆಯ ಬುಡದ ನಡುವೆ ಒಂದೇ ತೂತು. ಸೂಜಿಯಂಥ ಕಡ್ಡಿ ತೂರಿಸಿದರೆ ಹಳೆಯ ಕೇಪು ಹೊರಬೀಳುತ್ತದೆ. ಅಮೆರಿಕದ ಹೈರಮ್ ಬರ್ಡನ್ ಅವರ ಬಗೆಯಲ್ಲಿ ನಡುವೆ ಪುಟ್ಟ ಅಡಿಗಲ್ಲಿನಂಥ ಉಬ್ಬು, ಅದರ ಪಕ್ಕ ಸಣ್ಣ ತೂತುಗಳು. ಹಳೆಯ ಕೇಪನ್ನು ತೆಗೆಯುವುದು ಕಷ್ಟ. ವಿಧಿಯ ಆಟ ನೋಡಿ: ಇಂಗ್ಲಿಷರ ಕೇಪು ಅಮೆರಿಕದಲ್ಲಿ ನೆಲೆಸಿತು, ಅಮೆರಿಕದವರ ಕೇಪು ಯುರೋಪಿನಲ್ಲಿ ಹರಡಿತು. ಕೈಯಾರೆ ತೋಟಾ ತುಂಬುವ ಹವ್ಯಾಸ ಅಮೆರಿಕದಲ್ಲಿ ಅಷ್ಟು ಬೆಳೆಯಲು ಆ ಒಂದು ತೂತೂ ಒಂದು ಕಾರಣ.

ಮಳೆಗಾಲ ಕಲಿಸಿದ ಪಾಠ

ಹಿತ್ತಾಳೆಯೂ ಒಂದು ಗುಟ್ಟನ್ನು ಬಚ್ಚಿಟ್ಟುಕೊಂಡಿತ್ತು. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯಕ್ಕೆ ಒಂದು ಸೋಜಿಗ ಕಾಡಿತು. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ತೋಟಾಗಳು, ಯಾರೂ ಮುಟ್ಟದಿದ್ದರೂ, ತಾವಾಗಿ ಬಿರುಕು ಬಿಡುತ್ತಿದ್ದವು. ಬಿರುಕು ಬಿಟ್ಟ ತೋಟಾ ಹಾರಿಸುವವನಿಗೇ ಅಪಾಯ. ಮಳೆಗಾಲಕ್ಕೆ ಕಾಣಿಸಿಕೊಳ್ಳುತ್ತಿದ್ದುದರಿಂದ ಇದನ್ನು ಋತುವಿನ ಬಿರುಕು ಎಂದು ಕರೆದರು.

ಕಾರಣ ಸ್ಪಷ್ಟವಾದದ್ದು 1921ರಲ್ಲಿ. ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಸಂಶೋಧಕರು ಅದನ್ನು ಬಿಡಿಸಿ ಹೇಳಿದರು. ಹಿತ್ತಾಳೆಯ ತಗಡನ್ನು ಕಾಯಿಸದೆ ಎಳೆದು ಕೊಳವೆ ಮಾಡುವಾಗ ಲೋಹದೊಳಗೆ ಬಿಗಿತ ಉಳಿದುಬಿಡುತ್ತದೆ. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ತೇವದ ಗಾಳಿಯಲ್ಲಿ, ಆ ಬಿಗಿತವಿರುವ ಹಿತ್ತಾಳೆಯನ್ನು ಸೀಳುತ್ತದೆ. ಬಿಗಿತ ಒಂದೇ ಇದ್ದರೆ ಸಾಲದು, ಅಮೋನಿಯಾ ಒಂದೇ ಇದ್ದರೂ ಸಾಲದು, ಎರಡೂ ಕೂಡಬೇಕು. ಪರಿಹಾರವೂ ಅದರಲ್ಲೇ ಇತ್ತು: ಲೋಹವನ್ನು ಹದವಾಗಿ ಕಾಯಿಸಿ ಒಳಗಿನ ಬಿಗಿತವನ್ನು ಸಡಿಲಿಸುವುದು. ನಮ್ಮ ಕಂಚುಗಾರರು ಪಾತ್ರೆ ಬಡಿಯುವಾಗ ನಡುನಡುವೆ ಬೆಂಕಿಗೆ ಹಿಡಿದು ಮೆದು ಮಾಡುವುದನ್ನು ಕಂಡಿದ್ದರೆ ಈ ಮಾತು ನಿಮಗೆ ಕೂಡಲೇ ಅರ್ಥವಾಗುತ್ತದೆ. ಕೈಯಾರೆ ತುಂಬುವವನು ಹಳೆಯ ಕೊಳವೆಯನ್ನು ಮೊದಲು ಬೆಳಕಿಗೆ ಹಿಡಿದು ಬಿರುಕು ಹುಡುಕುವುದರ ಹಿಂದೆ ಇಂಥ ಅನುಭವಗಳಿವೆ.

ಬಯಲಿನಲ್ಲಿ ಬೆಂಕಿಯ ಪಕ್ಕ

1870ರ ದಶಕಕ್ಕೆ ಬನ್ನಿ. ಅಮೆರಿಕದ ನಡುನಾಡಿನ ಹುಲ್ಲುಗಾವಲಿನಲ್ಲಿ ಕಾಡೆಮ್ಮೆಯಂಥ ಬೈಸನ್‌ಗಳ ಬೇಟೆ ನಡೆಯುತ್ತಿತ್ತು. ಹತ್ತಿರದ ಅಂಗಡಿ ಎಷ್ಟೋ ದಿನಗಳ ಪ್ರಯಾಣದಾಚೆ. ಹಗಲು ಹಾರಿಸಿದ ಹಿತ್ತಾಳೆ ಕೊಳವೆಗಳನ್ನು ಆಯ್ದು ತಂದು, ರಾತ್ರಿ ಬೆಂಕಿಯ ಪಕ್ಕ ಕುಳಿತು ಸೀಸ ಕರಗಿಸಿ ಗುಂಡು ಎರಕ ಹೊಯ್ದು, ಬೇಟೆಗಾರರು ನಾಳೆಗೆ ತೋಟಾ ತುಂಬಿಕೊಳ್ಳುತ್ತಿದ್ದರು. ತನ್ನ ರೈಫಲ್ಲಿಗೆ ಯಾವ ಅಳತೆ ಒಗ್ಗುತ್ತದೆಂದು ಪ್ರತಿಯೊಬ್ಬನೂ ಪ್ರಯೋಗದಿಂದಲೇ ಕಲಿತ. 1884ರ ಸುಮಾರಿಗೆ ಜಾನ್ ಬಾರ್ಲೋ ಎಂಬವರು ಐಡಿಯಲ್ ಎಂಬ ಕಂಪನಿ ಕಟ್ಟಿ, ಅಡಕತ್ತರಿಯಂಥ ಕೈ ಉಪಕರಣವನ್ನು ಮಾರತೊಡಗಿದರು. ಹಳೆಯ ಕೇಪು ತೆಗೆಯುವುದು, ಹೊಸದನ್ನು ಕೂರಿಸುವುದು, ಗುಂಡನ್ನು ಕೊಳವೆಯ ಬಾಯಿಗೆ ಬಿಗಿಯುವುದು, ಎಲ್ಲಕ್ಕೂ ಅದೊಂದೇ ಸಾಕಾಯಿತು.

ಕೌಶಲದ ದೃಷ್ಟಿಯಿಂದ ಇದು ಮೆಚ್ಚತಕ್ಕ ಕಥೆ. ಆದರೆ ಇತಿಹಾಸದ ವಿದ್ಯಾರ್ಥಿಗಳಾದ ನೀವು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಒಂದು ಕಾಲಕ್ಕೆ ಕೋಟಿಗಳ ಲೆಕ್ಕದಲ್ಲಿದ್ದ ಬೈಸನ್‌ಗಳು 1880ರ ದಶಕದ ಕೊನೆಗೆ ಸುಮಾರು ಒಂದು ಸಾವಿರಕ್ಕೆ ಇಳಿದಿದ್ದವು. ಅವುಗಳನ್ನೇ ನಂಬಿ ಬದುಕಿದ್ದ ಮೂಲನಿವಾಸಿಗಳ ಬಾಳೂ ಅದರೊಂದಿಗೆ ಕುಸಿಯಿತು. ತಪ್ಪದ ಗುರಿ ಮನುಷ್ಯನಿಗೆ ದಕ್ಕಿತು. ಎಲ್ಲಿ ನಿಲ್ಲಿಸಬೇಕೆಂಬ ವಿವೇಕ ದಕ್ಕಲಿಲ್ಲ.

ಒಬ್ಬ ವೈದ್ಯರ ಕಾಂಕ್ರೀಟ್ ಕಂಬ

ಅದೇ ಅಮೆರಿಕದಲ್ಲಿ ಇನ್ನೊಂದು ಬಗೆಯ ಮನುಷ್ಯರೂ ಇದ್ದರು. ಮ್ಯಾಸಚೂಸೆಟ್ಸ್‌ನ ಫ್ರಾಂಕ್ಲಿನ್ ಮ್ಯಾನ್ ವೃತ್ತಿಯಿಂದ ವೈದ್ಯರು. ಕೋಳಿಗಳ ಮೇವಿಗಾಗಿ ಮೂಳೆ ಕತ್ತರಿಸುವ ಯಂತ್ರ ತಯಾರಿಸಿ ಹಣ ಗಳಿಸಿದರು. ಆ ಅನುಕೂಲವನ್ನೂ ಹಲವು ವರ್ಷಗಳ ಬಿಡುವನ್ನೂ ಒಂದೇ ಪ್ರಶ್ನೆಗೆ ಸುರಿದರು: ಗುಂಡುಗಳು ಚದುರುವುದೇಕೆ?

ಮೊದಲು ಮನುಷ್ಯನ ಕೈಯ ನಡುಕವನ್ನು ಲೆಕ್ಕದಿಂದ ತೆಗೆಯಬೇಕಿತ್ತು. ಅದಕ್ಕಾಗಿ ಭಾರಿ ಕಾಂಕ್ರೀಟ್ ಕಂಬ ಕಟ್ಟಿಸಿ ನಳಿಗೆಯನ್ನು ಅದರ ಮೇಲೆ ಕೂರಿಸಿದರು. ಆ ಕಂಬವನ್ನು ಜಿಬ್ರಾಲ್ಟರ್ ಬಂಡೆಗೆ ಹೋಲಿಸಿ ಹೆಸರಿಟ್ಟರು. ಗುಂಡಿನ ಹಾದಿಯಲ್ಲಿ ತೆಳು ಕಾಗದದ ಪರದೆಗಳನ್ನು ಸಾಲಾಗಿ ನಿಲ್ಲಿಸಿ, ತೂತುಗಳನ್ನು ನೋಡಿ ಅದರ ನಡೆಯನ್ನು ಗುರುತಿಸಿದರು. ಒಮ್ಮೆಗೆ ಒಂದೇ ಒಂದು ಅಂಶವನ್ನು ಬದಲಿಸಿ ಉಳಿದುದನ್ನೆಲ್ಲ ಹಾಗೆಯೇ ಇಟ್ಟರು. ಗುಂಡಿನ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಊನವಿದ್ದರೂ, ಗುಂಡಿನ ಭಾರದ ಕೇಂದ್ರ ಅದರ ನಡುಗೆರೆಯಿಂದ ಕೂದಲೆಳೆಯಷ್ಟು ಸರಿದಿದ್ದರೂ, ದೂರ ಹೋದಂತೆ ಅದು ದೊಡ್ಡ ತಪ್ಪಾಗುತ್ತದೆ ಎಂಬುದು ಅವರು ಕಂಡ ಸತ್ಯ. 1909ರಲ್ಲಿ ಅವರ ಪುಸ್ತಕ ಹೊರಬಂತು. ಸಂದ ಪ್ರಯೋಗಗಳ ಜೊತೆಗೆ ಸೋತ ಪ್ರಯೋಗಗಳನ್ನೂ ಅವರು ಅದರಲ್ಲಿ ಬರೆದರು. ವಿಜ್ಞಾನದ ಪ್ರಾಮಾಣಿಕತೆ ಎಂದರೆ ಇದೇ ಅಲ್ಲವೇ?

ಹೊಗೆ ಹೋಯಿತು, ಹೊಸ ಎಚ್ಚರ ಬಂತು

ಹಳೆಯ ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಮಸಿಯಾಗಿ, ಹೊಗೆಯಾಗಿ ಉಳಿಯುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆಯಿಲ್ಲದ ಮದ್ದನ್ನು ರೂಪಿಸಿದರು. 1889ರಲ್ಲಿ ಬ್ರಿಟನ್ನಿನ ಏಬಲ್ ಮತ್ತು ಡ್ಯೂವಾರ್ ದಾರದಂಥ ಎಳೆಗಳಿರುವ ಕಾರ್ಡೈಟ್ ತಂದರು. ನೀಲಗಿರಿಯ ಅರುವಂಕಾಡಿನಲ್ಲಿ 20ನೇ ಶತಮಾನದ ಆರಂಭದಲ್ಲಿ ಕಟ್ಟಿದ ಕಾರ್ಡೈಟ್ ಕಾರ್ಖಾನೆಗೆ ಆ ಹೆಸರು ಬಂದದ್ದು ಇದರಿಂದಲೇ. ಊಟಿಗೆ ಪುಟ್ಟ ರೈಲಿನಲ್ಲಿ ಹೋಗಿದ್ದರೆ ಆ ಊರಿನ ನಿಲ್ದಾಣವನ್ನು ನೀವು ನೋಡಿರಬಹುದು.

ಹೊಸ ಮದ್ದು ಹಳೆಯದಕ್ಕಿಂತ ಹಲವು ಪಟ್ಟು ಬಲಶಾಲಿ. ಕರಿಮದ್ದಿನ ಅಳತೆಯಲ್ಲೇ ಇದನ್ನೂ ಸುರಿದವರ ಬಂದೂಕುಗಳು ಸಿಡಿದವು, ಕೈ ಕಣ್ಣು ಹೋದವು. ಇನ್ನು ಮುಂದೆ ಅಂದಾಜು ನಡೆಯದು, ತಕ್ಕಡಿಯೇ ಬೇಕು ಎಂಬ ಶಿಸ್ತು ಹುಟ್ಟಿದ್ದು ಹೀಗೆ. ಪ್ರಯೋಗಶಾಲೆಗಳಲ್ಲಿ ಒತ್ತಡ ಅಳೆದು ಮುದ್ರಿಸಿದ ಕೋಷ್ಟಕಗಳನ್ನು ಮೀರಬಾರದೆಂಬುದು ಈ ಕಸುಬಿನ ಮೊದಲ ನಿಯಮವಾಯಿತು.

ಎರಡನೆಯ ಮಹಾಯುದ್ಧದ ಬಳಿಕ ಈ ಹವ್ಯಾಸ ದೊಡ್ಡದಾಗಿ ಬೆಳೆಯಿತು. 1943ರಲ್ಲಿ, ಯುದ್ಧದಿಂದ ಗುಂಡುಗಳಿಗೆ ಬರ ಬಂದಿದ್ದಾಗ, ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ ಮನೆಯಲ್ಲೇ ಗುಂಡು ಒತ್ತಿಕೊಳ್ಳುವ ಅಚ್ಚುಗಳನ್ನು ತಯಾರಿಸತೊಡಗಿದರು. ಯುದ್ಧ ಮುಗಿದ ಮೇಲೆ ಬ್ರೂಸ್ ಹಾಜ್‌ಡನ್ ಸೈನ್ಯದಲ್ಲಿ ಉಳಿದುಹೋದ ಮದ್ದನ್ನು ಕೊಂಡು, ಹಳೆಯ ರೈಲು ಡಬ್ಬಿಯೊಂದರಲ್ಲಿ ಇಟ್ಟು, ಹವ್ಯಾಸಿಗಳಿಗೆ ಮಾರಿದರು. ಯುದ್ಧದ ಉಳಿಕೆ ಶಾಂತಿಕಾಲದ ತಕ್ಕಡಿಗೆ ಏರಿತು.

ಒಂದು ಪುಟ್ಟ ಲೆಕ್ಕ

ಇಷ್ಟೆಲ್ಲ ತೂಕ ಏತಕ್ಕೆಂಬುದನ್ನು ಈಗ ಲೆಕ್ಕದಿಂದಲೇ ನೋಡೋಣ. ಗಾಳಿಯ ತಡೆಯನ್ನು ಸದ್ಯಕ್ಕೆ ಬದಿಗಿಡಿ. ಗುಂಡೊಂದು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ನೇರ ಅಡ್ಡಲಾಗಿ ಹೊರಟರೆ 300 ಮೀಟರ್ ಸಾಗುವಷ್ಟರಲ್ಲಿ ಸುಮಾರು 69 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಇನ್ನೊಂದರ ವೇಗ 780 ಇದ್ದರೆ ಅದು ಸುಮಾರು 72.5 ಸೆಂಟಿಮೀಟರ್ ಇಳಿಯುತ್ತದೆ. ಅಂತರ 3.5 ಸೆಂಟಿಮೀಟರ್. 100 ಮೀಟರಿನಲ್ಲಿ ಇದೇ ಅಂತರ ಅರ್ಧ ಸೆಂಟಿಮೀಟರೂ ಇಲ್ಲ. ದೂರ ಮೂರು ಪಟ್ಟಾದರೆ ತಪ್ಪು ಒಂಬತ್ತು ಪಟ್ಟು! ಮದ್ದಿನ ತೂಕ, ಕೊಳವೆಯ ಒಳಗಾತ್ರ, ಕೇಪಿನ ಕಾವು, ಗುಂಡು ಕೂತ ಆಳ, ಯಾವುದು ಬದಲಾದರೂ ವೇಗ ಬದಲಾಗುತ್ತದೆ. ಆದ್ದರಿಂದ ಕೈಯಾರೆ ತುಂಬುವವನ ಗುರಿ ಹೆಚ್ಚು ವೇಗವಲ್ಲ. ಒಂದರಂತೆ ಇನ್ನೊಂದು ಇರುವುದು.

ಇನ್ನೊಂದು ಪಾಠವೂ ಇದೆ. ಮೂರು ಗುಂಡು ಹಾರಿಸಿ ಮೂರೂ ಒತ್ತಾಗಿ ಬಿದ್ದವೆಂದು ಹಿಗ್ಗಬಾರದು. ಮೂರು ಆಕಸ್ಮಿಕವಾಗಿಯೂ ಒತ್ತಾಗಿ ಬೀಳಬಹುದು. ಹತ್ತು, ಇಪ್ಪತ್ತು ಹಾರಿಸಿದ ಮೇಲೆ ನಿಜವಾದ ಹರಡಿಕೆ ತಿಳಿಯುತ್ತದೆ. ಒಂದೆರಡು ಉದಾಹರಣೆ ನೋಡಿ ತೀರ್ಪು ಕೊಡುವ ನಮ್ಮ ದಿನನಿತ್ಯದ ಅಭ್ಯಾಸಕ್ಕೂ ಈ ಮಾತು ಸಲ್ಲುತ್ತದೆ.

ಕೊನೆಯ ತೂಕ

ಕರಾರುವಾಕ್ಕಾದ ತೋಟಾವನ್ನು ಬಯಸುವ ಬೇಟೆಗಾರ ಅದಕ್ಕೆ ಒಂದು ನೈತಿಕ ಕಾರಣವನ್ನೂ ಕೊಡುತ್ತಾನೆ. ಗುರಿ ತಪ್ಪಿದ ಗುಂಡಿನಿಂದ ಗಾಯಗೊಂಡ ಪ್ರಾಣಿ ದಿನಗಟ್ಟಲೆ ನರಳಿ ಸಾಯುತ್ತದೆ. ಕೊಲ್ಲುವುದಾದರೆ ಒಂದೇ ಏಟಿಗೆ ಆಗಬೇಕು ಎಂಬುದು ಆ ಮಾತು. ಕಲ್ಕತ್ತೆಯ ಬಳಿಯ ಡಮ್‌ಡಮ್‌ನಲ್ಲಿ 1890ರ ದಶಕದಲ್ಲಿ ತಯಾರಾದ, ಮೈಗೆ ಹೊಕ್ಕು ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಕೂಡದೆಂದು 1899ರ ಹೇಗ್ ಸಮ್ಮೇಳನ ಘೋಷಿಸಿತು. ಆದರೆ ಬ್ರಿಟನ್ನಿನ ಕಾನೂನು ಜಿಂಕೆ ಬೇಟೆಗೆ ಅರಳುವ ಗುಂಡನ್ನೇ ಕಡ್ಡಾಯ ಮಾಡುತ್ತದೆ. ಮನುಷ್ಯನ ವಿಷಯದಲ್ಲಿ ಕ್ರೌರ್ಯವೆನಿಸಿದ್ದು ಪ್ರಾಣಿಯ ವಿಷಯದಲ್ಲಿ ಕರುಣೆ ಎನಿಸಿತು. ಯಾವುದು ಸರಿ? ನಿಮ್ಮ ನಿಮ್ಮಲ್ಲೇ ಚರ್ಚಿಸಿ ನೋಡಿ.

ನಮ್ಮ ದೇಶ ಈ ಪ್ರಶ್ನೆಗೆ ಬೇರೆಯದೇ ಉತ್ತರ ಕೊಟ್ಟಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ಅದನ್ನು ಮತ್ತಷ್ಟು ಬಿಗಿಗೊಳಿಸಿತು. ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರ 1973ರಿಂದ ಹುಲಿಗಳ ರಕ್ಷಿತ ಬೀಡು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಗುರಿಯ ಜಾಣ್ಮೆ ತೋರಿಸುವುದು ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆದು. ಕೈಚಳಕ ಉಳಿಯಿತು, ಜೀವವೂ ಉಳಿಯಿತು.

ಮಿತ್ರರೇ, ರಾಬಿನ್ಸ್ ತೂಗುಬಿಟ್ಟ ಮರದಿಂದ ಮ್ಯಾನ್ ಅವರ ಕಾಂಕ್ರೀಟ್ ಕಂಬದವರೆಗೆ ಈ ಇತಿಹಾಸ ನಮಗೆ ಕಲಿಸುವುದು ಒಂದು ಗುಣವನ್ನು: ಅಂದಾಜಿಗೆ ಒಪ್ಪದೆ ಅಳೆಯುವುದು, ಅಳೆದುದನ್ನು ಬರೆದಿಡುವುದು, ಒಮ್ಮೆಗೆ ಒಂದನ್ನೇ ಬದಲಿಸಿ ನೋಡುವುದು. ಆ ಗುಣಕ್ಕೆ ಬಂದೂಕು ಬೇಕಿಲ್ಲ. ನಿಮ್ಮ ಕಾಲೇಜಿನ ಪ್ರಯೋಗಶಾಲೆಯ ತಕ್ಕಡಿ ಸಾಕು. ಆದರೆ ಬೈಸನ್‌ಗಳ ಕಥೆಯನ್ನೂ ಮರೆಯಬೇಡಿ. ಮದ್ದನ್ನು ಗುಲಗಂಜಿಯ ಇಪ್ಪತ್ತನೆಯ ಪಾಲಿನವರೆಗೆ ತೂಗಬಲ್ಲ ಮನುಷ್ಯ ತನ್ನ ಕೆಲಸದ ಫಲವನ್ನೂ ಅಷ್ಟೇ ಎಚ್ಚರದಿಂದ ತೂಗಬೇಕಾಗಿದೆ.